ಕೊಂಡಿಗಳನ್ನು ಕಲಿಸುವ ಪಠ್ಯಕ್ರಮ: ಕಂಪ್ಯೂಟರ್ ಸಂಯೋಜಿತ ತಯಾರಿಕೆಗೆ ನಮ್ಮ ಕಾಲೇಜುಗಳು ಸಜ್ಜಾಗುವುದು ಹೇಗೆ?

ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದಕ್ಕೆ ಪಂಪ್ ಶಾಫ್ಟ್‌ಗಳ ಆರ್ಡರ್ ಬಂದಿದೆ ಎಂದುಕೊಳ್ಳೋಣ. ಬೇರಿಂಗ್ ಕೂರುವ ಜಾಗದ ವ್ಯಾಸ 25 ಮಿ.ಮೀ., ಟಾಲರೆನ್ಸ್ ಎಚ್6. ಅಂದರೆ ವ್ಯಾಸ 25.000 ಮಿ.ಮೀ. ದಾಟುವಂತಿಲ್ಲ, 24.987ಕ್ಕಿಂತ ಇಳಿಯುವಂತಿಲ್ಲ. ಕೈಯಲ್ಲಿರುವ ಅವಕಾಶ 13 ಮೈಕ್ರಾನ್ ಮಾತ್ರ. ಟರ್ನಿಂಗ್ ಸೆಂಟರ್‌ನ ಆಪರೇಟರ್ ಅದನ್ನು ಅಚ್ಚುಕಟ್ಟಾಗಿ ಸಾಧಿಸುತ್ತಾರೆ. ಕೆಲವು ವಾರಗಳ ನಂತರ ಗ್ರಾಹಕರು ಕೀವೇಯ, ಅಂದರೆ ಕೀ ಕೂರಲು ಶಾಫ್ಟ್‌ನಲ್ಲಿ ಕೊರೆಯುವ ತೋಡಿನ, ಉದ್ದವನ್ನು ಬದಲಿಸಿ ಡ್ರಾಯಿಂಗ್‌ನ ಹೊಸ ರಿವಿಷನ್ ಕಳುಹಿಸುತ್ತಾರೆ. ವಿನ್ಯಾಸ ವಿಭಾಗದ ಕಂಪ್ಯೂಟರ್‌ನಲ್ಲಿ ಮಾಡೆಲ್ ಬದಲಾಗುತ್ತದೆ. ಮಿಲ್ಲಿಂಗ್ ಯಂತ್ರದ ಮೆಮೊರಿಯಲ್ಲಿ ಮಾತ್ರ ಹಳೆಯ ಪ್ರೋಗ್ರಾಂ ಹಾಗೆಯೇ ಉಳಿದಿರುತ್ತದೆ. ತಪಾಸಣೆಯ ಮೇಜಿನ ಮೇಲಿನ ಹಾಳೆಯಲ್ಲಿರುವುದೂ ಹಳೆಯ ಅಳತೆಯೇ. ಆಪರೇಟರ್ ಹಳೆಯದರಂತೆ ಕತ್ತರಿಸುತ್ತಾರೆ, ಇನ್‌ಸ್ಪೆಕ್ಟರ್ ಹಳೆಯದರಂತೆ ಅಳೆದು ಪಾಸ್ ಮಾಡುತ್ತಾರೆ, ಇಡೀ ಲಾಟ್ ಗ್ರಾಹಕರ ಗೇಟಿನಿಂದ ವಾಪಸ್ ಬರುತ್ತದೆ.

ಇಲ್ಲಿ ವಿನ್ಯಾಸಕಾರ, ಆಪರೇಟರ್, ಇನ್‌ಸ್ಪೆಕ್ಟರ್ ಮೂವರೂ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಎಡವಟ್ಟಾಗಿದ್ದು ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ. ಆ ಜಾಗವನ್ನು ಈ ಲೇಖನದಲ್ಲಿ ಕೊಂಡಿ ಎಂದು ಕರೆಯುತ್ತೇನೆ. ಕಂಪ್ಯೂಟರ್ ಸಂಯೋಜಿತ ತಯಾರಿಕೆ, ಅಂದರೆ ನಮ್ಮ ವಿದ್ಯಾರ್ಥಿಗಳು ಸಿಐಎಂ ಎಂದು ಓದುವ ವಿಷಯ, ಮೂಲತಃ ಈ ಕೊಂಡಿಗಳನ್ನು ಕಾಯುವ ವಿದ್ಯೆ. ನಮ್ಮ ಕಾಲೇಜುಗಳು ಕೊಂಡಿಯ ಎರಡೂ ಬದಿಗಳನ್ನು ಕಲಿಸುತ್ತವೆ, ಕೊಂಡಿಯನ್ನು ಕಲಿಸುವುದಿಲ್ಲ. ಪಠ್ಯಕ್ರಮದ ಚರ್ಚೆ ಇಲ್ಲಿಂದ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಡಿಬಿಡಿಯಾಗಿ ಕಲಿಸುವ ಈ ರೂಢಿಗೆ ಚಾರಿತ್ರಿಕ ಕಾರಣವಿದೆ. ಈ ವಿದ್ಯೆಯ ತುಂಡುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದವು. ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ತೋರಿಸಿತು. ರಿಲೇಗಳ ಗೋಜಲಿನ ಬದಲು ಬಳಸಬಹುದಾದ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ಪ್ರೋಗ್ರಾಂ ಮೂಲಕ ನಿಯಂತ್ರಿಸುವ ಸಣ್ಣ ಕಂಪ್ಯೂಟರ್, 1960ರ ದಶಕದ ಕೊನೆಯಲ್ಲಿ ಕಾರು ಕಾರ್ಖಾನೆಗಳ ಅಗತ್ಯದಿಂದ ಬಂತು. ಇವೆಲ್ಲವನ್ನೂ ಒಂದೇ ಮಾಹಿತಿ ವ್ಯವಸ್ಥೆಯಾಗಿ ನೋಡಬೇಕೆಂಬ ವಿಚಾರವನ್ನು ಜೋಸೆಫ್ ಹ್ಯಾರಿಂಗ್ಟನ್ ಈ ಹೆಸರಿನಲ್ಲೇ ಮುಂದಿಟ್ಟದ್ದು 1973ರಲ್ಲಿ. ಅಷ್ಟರಲ್ಲಿ ಬೆಂಗಳೂರು ಯಂತ್ರೋಪಕರಣಗಳ ನಗರವಾಗಿತ್ತು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಶುರುವಾಗಿತ್ತು, ತುಮಕೂರು ರಸ್ತೆಯಲ್ಲಿ ಇಂದು ಸಿಎಂಟಿಐ ಎಂದು ಕರೆಯುವ ಯಂತ್ರೋಪಕರಣ ಸಂಶೋಧನಾ ಸಂಸ್ಥೆ 1962ರಲ್ಲಿ ಬಂದಿತ್ತು, ರಾಜಾಜಿನಗರದ ಜಿಟಿಟಿಸಿ 1972ರಲ್ಲಿ ಟೂಲ್ ಮತ್ತು ಡೈ ತಯಾರಿಕೆಯ ತರಬೇತಿ ಆರಂಭಿಸಿತ್ತು. ನಗರಕ್ಕೆ ಸಾಫ್ಟ್‌ವೇರ್ ಹೆಸರು ತಂದುಕೊಡುವ ಮೊದಲೇ ಇಲ್ಲಿ ಲೋಹ ಕತ್ತರಿಸುವ ವಿದ್ಯೆ ಬೇರೂರಿತ್ತು. ಈಗ ಎರಡೂ ಒಂದೇ ಊರಿನಲ್ಲಿವೆ. ಎರಡನ್ನೂ ಬಲ್ಲ ಪದವೀಧರರು ಮಾತ್ರ ಕಡಿಮೆ.

ಸಿಐಎಂ ಎಂದರೆ ಏನೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಪಠ್ಯಕ್ರಮದ ತೊಡಕು ಇದರೊಳಗೇ ಅಡಗಿದೆ. ಕಾರ್ಖಾನೆಯ ಮಾಹಿತಿ ವ್ಯವಸ್ಥೆಯನ್ನು ಹಲವು ಹಂತಗಳಾಗಿ ವಿವರಿಸುವ ಐಎಸ್‌ಎ-95 ಎಂಬ ಮಾನದಂಡವಿದೆ. ತಳದಲ್ಲಿರುವುದು ಶಾಫ್ಟನ್ನು ನಿಜಕ್ಕೂ ಕತ್ತರಿಸುವ ಭೌತಿಕ ಕ್ರಿಯೆ. ಅದರ ಮೇಲೆ ಅದನ್ನು ಗಮನಿಸುವ ಸೆನ್ಸರ್‌ಗಳು, ಚಲಿಸುವ ಮೋಟಾರುಗಳು. ಅವನ್ನು ನಿಯಂತ್ರಿಸುವ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಯಂತ್ರದ) ಕಂಟ್ರೋಲರ್ ಮತ್ತು ಪಿಎಲ್‌ಸಿ ಮುಂದಿನ ಹಂತ. ಅದಕ್ಕೂ ಮೇಲೆ ಎಂಇಎಸ್: ಯಾವ ಯಂತ್ರದಲ್ಲಿ ಈ ಶಿಫ್ಟ್‌ನಲ್ಲಿ ಯಾವ ಜಾಬ್ ಓಡಬೇಕು, ಎಷ್ಟು ಆಯಿತು, ಎಷ್ಟು ರಿಜೆಕ್ಟ್ ಆಯಿತು ಎಂದು ನಿಮಿಷ ನಿಮಿಷಕ್ಕೂ ಲೆಕ್ಕವಿಡುವ ಸಾಫ್ಟ್‌ವೇರ್. ತುದಿಯಲ್ಲಿ ಇಆರ್‌ಪಿ: ಆರ್ಡರ್, ಖರೀದಿ, ದಾಸ್ತಾನು, ಬಿಲ್ಲುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್. ಒಂದೊಂದು ಹಂತದ ಗಡಿಯಾರವೂ ಬೇರೆ. ಸರ್ವೊ ಮೋಟಾರಿನ ನಿಯಂತ್ರಣ ಮಿಲಿಸೆಕೆಂಡುಗಳಲ್ಲಿ ನಡೆಯುತ್ತದೆ, ಎಂಇಎಸ್ ನಿಮಿಷ ಮತ್ತು ಗಂಟೆಗಳಲ್ಲಿ ಯೋಚಿಸುತ್ತದೆ, ಇಆರ್‌ಪಿಗೆ ದಿನ ಮತ್ತು ವಾರಗಳೇ ಸಾಕು.

ಮೇಲಿನಿಂದ ಕೆಳಕ್ಕೆ ಆದೇಶ ಇಳಿಯುತ್ತದೆ: ಯಾವ ಭಾಗ, ಯಾವ ರಿವಿಷನ್, ಎಷ್ಟು ಸಂಖ್ಯೆ, ಯಾವ ದಿನಕ್ಕೆ. ಕೆಳಗಿನಿಂದ ಮೇಲಕ್ಕೆ ಸತ್ಯ ಏರಬೇಕು: ಎಷ್ಟು ಆಯಿತು, ಎಷ್ಟು ಕೆಟ್ಟಿತು, ಯಂತ್ರ ಏಕೆ ನಿಂತಿತು. ಎಷ್ಟೋ ಕಡೆ ಆದೇಶವೇನೋ ಇಳಿಯುತ್ತದೆ, ಸತ್ಯ ಏರುವುದಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ನೆನಪಿನಿಂದ ಬರೆದ ರಿಜಿಸ್ಟರ್, ಅದನ್ನು ಮರುದಿನ ಎಕ್ಸೆಲ್‌ಗೆ ತುಂಬುವ ಗುಮಾಸ್ತರು, ವಾರದ ಕೊನೆಗೆ ಮ್ಯಾನೇಜರ್ ನೋಡುವ ಗ್ರಾಫ್.

ಒಂದು ಲೆಕ್ಕ ಮಾಡೋಣ. ಒಂದು ಶಿಫ್ಟ್‌ನಲ್ಲಿ ಯಂತ್ರ 420 ನಿಮಿಷ ಓಡಬೇಕಿತ್ತು. ಸೆಟ್ಟಿಂಗ್, ಟೂಲ್ ಬದಲಾವಣೆ, ಸಾಮಗ್ರಿಗಾಗಿ ಕಾಯುವಿಕೆ ಎಲ್ಲ ಸೇರಿ 63 ನಿಮಿಷ ನಿಂತಿತು. ಓಡಿದ್ದು 357 ನಿಮಿಷ, ಅಂದರೆ ಶೇ 85. ಒಂದು ಶಾಫ್ಟ್‌ಗೆ 3 ನಿಮಿಷ ಸಾಕು ಎಂದಿದ್ದರೂ ಆ ಅವಧಿಯಲ್ಲಿ ಆದದ್ದು 100 ಶಾಫ್ಟ್, ಅಂದರೆ ವೇಗ ಸುಮಾರು ಶೇ 84. ಅದರಲ್ಲಿ 95 ಮಾತ್ರ ಸರಿ ಇದ್ದವು. ಮೂರನ್ನೂ ಗುಣಿಸಿದರೆ ಸುಮಾರು ಶೇ 68. ಇದನ್ನು ಓಇಇ, ಅಂದರೆ ಯಂತ್ರದ ಒಟ್ಟಾರೆ ಪರಿಣಾಮಕಾರಿತ್ವ, ಎನ್ನುತ್ತಾರೆ. ಸೂತ್ರವನ್ನು ವಿದ್ಯಾರ್ಥಿಗಳು ಹತ್ತು ನಿಮಿಷದಲ್ಲಿ ಕಲಿಯಬಲ್ಲರು. ಆದರೆ ಆ 63 ನಿಮಿಷದ ಅಂಕಿ ಎಲ್ಲಿಂದ ಬಂತು, ಅದನ್ನು ಯಾರು ಬರೆದರು, ಯಂತ್ರವೇ ಹೇಳಿತೇ ಅಥವಾ ಅಂದಾಜೇ ಎಂದು ಕೇಳುವ ಅಭ್ಯಾಸ ಬೆಳೆಯಲು ಒಂದು ಸೆಮಿಸ್ಟರ್ ಬೇಕು. ಉದ್ಯೋಗದಲ್ಲಿ ಬೆಲೆ ಇರುವುದು ಈ ಎರಡನೆಯದಕ್ಕೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಮೆಕ್ಯಾನಿಕಲ್ ಪಠ್ಯಕ್ರಮದಲ್ಲಿ ಸಿಐಎಂ ಬಹುಕಾಲದಿಂದ ಇದೆ. ಸ್ವಯಂಚಾಲಿತ ಲೈನ್‌ಗಳ ಲೆಕ್ಕ, ಲೈನ್ ಬ್ಯಾಲೆನ್ಸಿಂಗ್, ಸಿಎನ್‌ಸಿ ಪ್ರೋಗ್ರಾಮಿಂಗ್, ರೋಬೊಗಳು, ಈಚೆಗೆ ತ್ರೀಡಿ ಪ್ರಿಂಟಿಂಗ್, ಇಂಡಸ್ಟ್ರಿ 4.0: ಪಟ್ಟಿಯಲ್ಲಿ ದೊಡ್ಡ ದೋಷವೇನೂ ಇಲ್ಲ. ತೊಂದರೆ ಇರುವುದು ವಿಷಯವನ್ನು ಒಂದು ಪತ್ರಿಕೆಯೊಳಗೆ ಕೂರಿಸಿದ್ದರಲ್ಲಿ. ಐದು ಮಾಡ್ಯೂಲ್, ಒಂದು ಪರೀಕ್ಷೆ, ಮುಗಿಯಿತು. ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ) ಒಂದು ಸೆಮಿಸ್ಟರ್‌ನಲ್ಲಿ, ಮೆಟ್ರಾಲಜಿ (ಅಳತೆಯ ವಿದ್ಯೆ) ಇನ್ನೊಂದರಲ್ಲಿ, ಪಿಎಲ್‌ಸಿ ಮತ್ತೊಂದು ವಿಭಾಗದ ಲ್ಯಾಬ್‌ನಲ್ಲಿ. ಕ್ಯಾಡ್ ಲ್ಯಾಬ್‌ನಲ್ಲಿ ಬಿಡಿಸಿದ ಭಾಗವನ್ನು ಅದೇ ವಿದ್ಯಾರ್ಥಿ ಮುಂದೆ ಕತ್ತರಿಸುವುದಿಲ್ಲ, ಕತ್ತರಿಸಿದ್ದನ್ನು ಅಳೆಯುವುದಿಲ್ಲ, ಅಳೆದದ್ದು ಡ್ರಾಯಿಂಗ್‌ಗೆ ವಾಪಸ್ ಹೋಗಿ ಏನನ್ನೂ ಬದಲಿಸುವುದಿಲ್ಲ.

ಹಾಗಾದರೆ ಹೊಸ ಪಠ್ಯಕ್ರಮವನ್ನು ಯಾರನ್ನು ಕೇಳಿ ಬರೆಯಬೇಕು? ಸಾಮಾನ್ಯವಾಗಿ ಅಧ್ಯಯನ ಮಂಡಳಿಗೆ ಒಂದಿಬ್ಬರು ಕಂಪನಿ ನಿರ್ದೇಶಕರನ್ನು ಕರೆಯುತ್ತಾರೆ. ಅವರು ಉದ್ಯಮದ ದಿಕ್ಕನ್ನು ಹೇಳಬಲ್ಲರು, ಬೆಳಗಿನ ಶಿಫ್ಟ್‌ನಲ್ಲಿ ಏನಾಗುತ್ತದೆ ಎಂಬುದನ್ನು ಹೇಳುವುದು ಅವರಿಗೆ ಕಷ್ಟ. ಡಾಕಮ್ ಎಂಬ ಒಂದು ವಿಧಾನ 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡಿತು. ಅದರ ನಂಬಿಕೆ ಸರಳ: ಒಂದು ಕೆಲಸವನ್ನು ಚೆನ್ನಾಗಿ ಮಾಡುವವರೇ ಆ ಕೆಲಸವನ್ನು ಬೇರೆಲ್ಲರಿಗಿಂತ ಚೆನ್ನಾಗಿ ವಿವರಿಸಬಲ್ಲರು. ನುರಿತ ಕೆಲಸಗಾರರ ಸಣ್ಣ ಗುಂಪನ್ನು ಒಂದೆರಡು ದಿನ ಕೂರಿಸಿ, ಅವರ ಹೊಣೆಗಳನ್ನೂ ಆ ಹೊಣೆಗಳೊಳಗಿನ ಕೆಲಸಗಳನ್ನೂ ಗೋಡೆಯ ಮೇಲೆ ಚೀಟಿಗಳಾಗಿ ಅಂಟಿಸುತ್ತಾ ಹೋಗುತ್ತಾರೆ. ಪ್ರತಿ ಚೀಟಿಯೂ ಕ್ರಿಯಾಪದದಿಂದ ಕೂಡಿರಬೇಕು. ‘ಸಿಎನ್‌ಸಿ ಜ್ಞಾನ’ ಎಂದು ಬರೆಯುವಂತಿಲ್ಲ. ‘ಮೊದಲ ಪೀಸ್ ಅಳೆದು ಟೂಲ್ ಆಫ್‌ಸೆಟ್ ತಿದ್ದುತ್ತೇನೆ’ ಎಂದು ಬರೆಯಬೇಕು. (ಟೂಲ್ ಆಫ್‌ಸೆಟ್ ಎಂದರೆ ಟೂಲ್‌ನ ಸ್ಥಾನಕ್ಕೆ ಕಂಟ್ರೋಲರ್‌ನಲ್ಲಿ ಕೊಡುವ ತಿದ್ದುಪಡಿ.)

ಬೆಂಗಳೂರಿನಲ್ಲಿ ಇಂಥ ಗುಂಪನ್ನು ಸೇರಿಸುವುದು ಕಷ್ಟವಲ್ಲ. ಪೀಣ್ಯದಿಂದ ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ಒಬ್ಬ ಸೆಟ್ಟರ್, ಬೊಮ್ಮಸಂದ್ರದಿಂದ ಒಬ್ಬ ಪ್ರೋಸೆಸ್ ಪ್ಲಾನರ್, ಬಿಡದಿಯ ವಾಹನ ಬಿಡಿಭಾಗಗಳ ಕಾರ್ಖಾನೆಯಿಂದ ಗುಣಮಟ್ಟ ವಿಭಾಗದವರು, ಪಿಎಲ್‌ಸಿ ಬರೆಯುವ ಆಟೊಮೇಷನ್ ಇಂಜಿನಿಯರ್, ಕಾರ್ಖಾನೆಗಳಿಗೆ ಎಂಇಎಸ್ ಅಳವಡಿಸಿಕೊಡುವವರು, ನಿರ್ವಹಣಾ ವಿಭಾಗದ ಹಿರಿಯರು. ಇವರ ಚೀಟಿಗಳನ್ನು ಒಂದೇ ಗೋಡೆಯ ಮೇಲೆ ಅಂಟಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ: ಒಬ್ಬರ ಚೀಟಿಯ ಕೊನೆ ಇನ್ನೊಬ್ಬರ ಚೀಟಿಯ ಆರಂಭ. ಕೆಲಸದ ಹಂತಗಳನ್ನು ಪಟ್ಟಿ ಮಾಡಿದ ಪ್ಲಾನರ್‌ನ ರೂಟ್ ಕಾರ್ಡ್ ಸೆಟ್ಟರ್‌ನ ಕೈಗೆ ಬರುತ್ತದೆ, ಸೆಟ್ಟರ್ ತಿದ್ದಿದ ಪ್ರೋಗ್ರಾಂ ಪ್ಲಾನರ್‌ಗೆ ವಾಪಸ್ ಹೋಗಬೇಕು. ಅಲ್ಲಿಯೇ ಕೊಂಡಿಗಳ ನಕ್ಷೆ ಸಿದ್ಧವಾಗುತ್ತದೆ. ಐಟಿಐ, ಡಿಪ್ಲೊಮಾ, ಪದವಿ ಮೂರಕ್ಕೂ ಈ ಒಂದೇ ನಕ್ಷೆ ಸಾಕು, ಬದಲಾಗಬೇಕಾದದ್ದು ಆಳ.

ನಾನು ಒತ್ತಿ ಹೇಳಬೇಕೆಂದಿರುವ ಪ್ರಸ್ತಾಪ ಈಗ ಬರುತ್ತದೆ. ಪದವಿಯ ಎಂಟೂ ಸೆಮಿಸ್ಟರ್‌ಗಳ ಉದ್ದಕ್ಕೂ ಒಂದೇ ಉತ್ಪನ್ನವನ್ನು ಇಟ್ಟುಕೊಳ್ಳಬೇಕು. ಸಣ್ಣ ಗೇರ್ ಪಂಪ್ ಒಳ್ಳೆಯ ಆಯ್ಕೆ. ಅದರಲ್ಲಿ ಹೌಸಿಂಗ್ ಇದೆ, ಎರಡು ಗೇರ್, ಶಾಫ್ಟ್, ಬುಷ್, ಮುಚ್ಚಳ, ಬೋಲ್ಟ್‌ಗಳಿವೆ. ಟರ್ನಿಂಗ್, ಮಿಲ್ಲಿಂಗ್, ಗೇರ್ ಕತ್ತರಿಸುವುದು, ಜೋಡಣೆ, ಸೋರಿಕೆ ಪರೀಕ್ಷೆ ಎಲ್ಲಕ್ಕೂ ಅವಕಾಶ. ಗೇರ್ ಮತ್ತು ಹೌಸಿಂಗ್ ನಡುವಿನ ಸಂದು ಸ್ವಲ್ಪ ಹೆಚ್ಚಾದರೂ ಒತ್ತಡ ಬೀಳುತ್ತದೆ, ಆದ್ದರಿಂದ ಟಾಲರೆನ್ಸ್ ಏಕೆ ಬೇಕು ಎಂದು ಭಾಷಣ ಮಾಡಬೇಕಾಗಿಲ್ಲ, ಪಂಪೇ ಹೇಳುತ್ತದೆ.

ಮೊದಲ ವರ್ಷದವರು ಪಂಪನ್ನು ಬಿಚ್ಚಿ, ಅಳೆದು, ಕೈಯಲ್ಲಿ ಚಿತ್ರ ಬರೆದು, ನಂತರ ಕ್ಯಾಡ್ ಮಾಡೆಲ್ ಮಾಡುತ್ತಾರೆ. ಎರಡನೆಯ ವರ್ಷ ಟಾಲರೆನ್ಸ್, ಸಾಮಗ್ರಿ, ಮೆಟ್ರಾಲಜಿ, ಸಾಮಾನ್ಯ ಲೇತ್‌ನಲ್ಲಿ ಶಾಫ್ಟ್, ಜೊತೆಗೆ ಅಳತೆಗಳನ್ನು ಓದಿ ಗ್ರಾಫ್ ಬಿಡಿಸುವ ಪೈಥಾನ್ ಪ್ರೋಗ್ರಾಂ. ಮೂರನೆಯ ವರ್ಷ ಕ್ಯಾಮ್ (ಕಂಪ್ಯೂಟರ್ ಮಾಡೆಲ್‌ನಿಂದ ಯಂತ್ರದ ಪ್ರೋಗ್ರಾಂ ಮಾಡುವುದು), ಫಿಕ್ಸ್ಚರ್ (ಭಾಗವನ್ನು ಹಿಡಿದಿಡುವ ಸಾಧನ), ಸಿಎನ್‌ಸಿ, ಸೋರಿಕೆ ಪರೀಕ್ಷೆಯ ರಿಗ್‌ಗೆ ಪಿಎಲ್‌ಸಿ. ನಾಲ್ಕನೆಯ ವರ್ಷ ಯೋಜನೆ, ಎಂಇಎಸ್, ಡೇಟಾಬೇಸ್, ವೆಚ್ಚ, ಆಮೇಲೆ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್.

ಇಷ್ಟೇ ಆದರೆ ಇದು ಒಂದು ದೊಡ್ಡ ಪ್ರಾಜೆಕ್ಟ್ ಆಗಿ ಉಳಿಯುತ್ತದೆ. ಇದಕ್ಕೆ ಜೀವ ಬರುವುದು ವರ್ಷಗಳ ನಡುವೆ ಹಸ್ತಾಂತರ ನಡೆದಾಗ. ಮೂರನೆಯ ವರ್ಷದವರು ಕತ್ತರಿಸುವುದು ತಮ್ಮ ಡ್ರಾಯಿಂಗನ್ನಲ್ಲ, ಎರಡನೆಯ ವರ್ಷದವರು ಕೊಟ್ಟ ಡ್ರಾಯಿಂಗನ್ನು. ಅದರಲ್ಲಿ ಒಂದು ಅಳತೆ ಬಿಟ್ಟುಹೋಗಿದ್ದರೆ ತಾವೇ ಊಹಿಸಿ ಮುಂದುವರಿಯುವಂತಿಲ್ಲ. ಬದಲಾವಣೆ ಕೋರಿಕೆ ಬರೆಯಬೇಕು, ಕೆಳಗಿನ ತರಗತಿ ಉತ್ತರಿಸಬೇಕು, ರಿವಿಷನ್ ಸಂಖ್ಯೆ ಬದಲಾಗಬೇಕು, ಹಳೆಯ ಪ್ರೋಗ್ರಾಂ ಯಂತ್ರದಿಂದ ಅಳಿಯಬೇಕು. ನಾಲ್ಕನೆಯ ವರ್ಷದವರು ಇಡೀ ಸರಪಳಿಯನ್ನು ನಡೆಸುವವರು: ಈ ವಾರ ಯಾವ ಯಂತ್ರ ಯಾರಿಗೆ, ಯಾವ ಲಾಟ್ ಎಲ್ಲಿ ನಿಂತಿದೆ, ಏಕೆ ನಿಂತಿದೆ. ಎಲ್ಲರ ಸಮಯ ಹೊಂದಿಸುವುದು, ಜಗಳ ಬಿಡಿಸುವುದು, ತಡವಾದದ್ದಕ್ಕೆ ಉತ್ತರ ಕೊಡುವುದು ಅವರ ಪಾಲಿಗೆ ಬರುತ್ತದೆ. ಕಾರ್ಖಾನೆ ಎಂದರೆ ಇದೇ ಅಲ್ಲವೇ? ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 1994ರಲ್ಲಿ ಆರಂಭವಾದ ‘ಕಲಿಕಾ ಕಾರ್ಖಾನೆ’ಯ ಪ್ರಯೋಗ ಕಾಲೇಜಿನೊಳಗೆ ನಿಜವಾದ ತಯಾರಿಕೆಯ ಸಮಸ್ಯೆಗಳನ್ನು ತಂದಿತು. ನಮಗೆ ಬೇಕಿರುವುದು ಅದೇ ದಿಕ್ಕಿನದು, ನಮ್ಮ ಅಳತೆಗೆ ಹೊಂದುವಂಥದ್ದು.

ಹೊಸದನ್ನು ಸೇರಿಸಬೇಕಾದರೆ ಏನನ್ನಾದರೂ ತೆಗೆಯಲೇಬೇಕು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಪದವಿಯ ಒಟ್ಟು ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಿತು, ಅದು ಒಳ್ಳೆಯ ನಿರ್ಧಾರ. ವರ್ಗೀಕರಣಗಳನ್ನು ಬಾಯಿಪಾಠ ಮಾಡಿಸುವ ಭಾಗಗಳನ್ನು ಧೈರ್ಯವಾಗಿ ಕಡಿಮೆ ಮಾಡಬಹುದು. ಆದರೆ ‘ಎಲ್ಲವೂ ಡಿಜಿಟಲ್ ಆಗಿದೆ’ ಎಂಬ ಹುಮ್ಮಸ್ಸಿನಲ್ಲಿ ಮೆಟ್ರಾಲಜಿಯನ್ನೂ ವರ್ಕ್‌ಶಾಪನ್ನೂ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಆ ಶಾಫ್ಟ್‌ಗೇ ಮರಳೋಣ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಪ್ರತಿ ಮೀಟರಿಗೆ 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಅಳತೆಯ ಅಂತರರಾಷ್ಟ್ರೀಯ ಉಲ್ಲೇಖ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಯಂತ್ರದಿಂದ ಈಗಷ್ಟೇ ಇಳಿದ 40 ಡಿಗ್ರಿಯ ಶಾಫ್ಟನ್ನು ಹಾಗೆಯೇ ಅಳೆದರೆ 25 ಮಿ.ಮೀ. ವ್ಯಾಸ ಸುಮಾರು 6 ಮೈಕ್ರಾನ್ ದಪ್ಪವಾಗಿ ಕಾಣುತ್ತದೆ. 13 ಮೈಕ್ರಾನ್ ಅವಕಾಶದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಹೋಯಿತು. ಆ ಅಂಕಿ ಸ್ವಯಂಚಾಲಿತವಾಗಿ ಕಂಟ್ರೋಲರ್‌ಗೆ ಹೋಗಿ ಟೂಲ್ ಆಫ್‌ಸೆಟ್ ತಿದ್ದಿದರೆ, ಮುಂದಿನ ಶಾಫ್ಟ್‌ಗಳೆಲ್ಲ ತಣ್ಣಗಾದ ಮೇಲೆ ಸಣ್ಣದಾಗುತ್ತವೆ. ಕೊಂಡಿ ವೇಗವಾದಷ್ಟೂ ತಪ್ಪು ಅಂಕಿಯೂ ವೇಗವಾಗಿ ಹರಡುತ್ತದೆ. ಲೋಹವನ್ನು ಮುಟ್ಟಿ ನೋಡಿದವರಿಗೆ ಮಾತ್ರ ಆ ಅಂಕಿಯ ಮೇಲೆ ಅನುಮಾನ ಬರುತ್ತದೆ.

ಕಂಪ್ಯೂಟರ್ ಬದಿಯಲ್ಲಿ ಏನು ಕಲಿಸಬೇಕು? ಪ್ರೋಗ್ರಾಮಿಂಗ್ ಭಾಷೆ ಯಾವುದೆಂಬುದು ಸಣ್ಣ ಪ್ರಶ್ನೆ. ಒಂದು ಡೇಟಾಬೇಸ್‌ನ ಟೇಬಲ್‌ಗಳನ್ನು ವಿನ್ಯಾಸ ಮಾಡುವುದು, ನೆಟ್‌ವರ್ಕ್‌ನಲ್ಲಿ ಎರಡು ಸಾಧನಗಳು ಮಾತಾಡುವುದನ್ನು ಅರ್ಥಮಾಡಿಕೊಳ್ಳುವುದು, ಸಮಯಮುದ್ರೆ (ಯಾವಾಗ ದಾಖಲಾಯಿತೆಂಬ ಗುರುತು) ಇಲ್ಲದ ದತ್ತಾಂಶ ಕೆಲಸಕ್ಕೆ ಬಾರದು ಎಂದು ತಿಳಿಯುವುದು ದೊಡ್ಡ ಸಂಗತಿಗಳು. ಮಾನದಂಡಗಳನ್ನು ಹೆಸರಿನಿಂದಲ್ಲ, ಬಳಕೆಯಿಂದ ಕಲಿಸಬೇಕು: ಒಂದು ಸಾಫ್ಟ್‌ವೇರ್‌ನ ಮಾಡೆಲ್ ಇನ್ನೊಂದಕ್ಕೆ ಹೋಗಲು ಸ್ಟೆಪ್, ಪಿಎಲ್‌ಸಿ ಭಾಷೆಗಳಿಗೆ ಐಇಸಿ 61131-3, ಯಂತ್ರದಿಂದ ದತ್ತಾಂಶ ಪಡೆಯಲು ಒಪಿಸಿ ಯುಎ, ಹಳೆಯ ಸಾಧನಗಳಿಗೆ 1979ರಿಂದ ಬಳಕೆಯಲ್ಲಿರುವ ಮಾಡ್‌ಬಸ್. ರೋಬೊ ಮತ್ತು ಕೃತಕ ಬುದ್ಧಿಮತ್ತೆ ಬೇಕು, ಆದರೆ ಐಚ್ಛಿಕವಾಗಿ, ಕೊನೆಯ ವರ್ಷದಲ್ಲಿ. ನಂಬಬಹುದಾದ ದತ್ತಾಂಶವಿಲ್ಲದೆ ಅವು ನಿಲ್ಲುವುದಿಲ್ಲ. ಸೈಬರ್ ಸುರಕ್ಷತೆಯ ಒಂದು ಘಟಕ ಮಾತ್ರ ಕಡ್ಡಾಯವಾಗಿರಲಿ. ಯಾರದೋ ಪೆನ್‌ಡ್ರೈವ್ ಯಂತ್ರಕ್ಕೆ ಹೋಗುವ ಮೊದಲು ಏನಾಗಬೇಕು ಎಂಬ ಪ್ರಶ್ನೆಯಿಂದ ಅದು ಶುರುವಾಗಬಹುದು.

ಹಣವೆಲ್ಲಿ ಎಂದು ಪ್ರಾಂಶುಪಾಲರು ಕೇಳುವುದು ಸಹಜ. ಕೋಟಿ ರೂಪಾಯಿಯ ಲ್ಯಾಬ್ ಇಲ್ಲದೆಯೂ ಆರಂಭಿಸಬಹುದು ಎಂಬುದು ನನ್ನ ಉತ್ತರ. ಕಾಲೇಜಿನ ವರ್ಕ್‌ಶಾಪ್‌ನಲ್ಲಿರುವ ಹಳೆಯ ಲೇತ್‌ನ ಮೋಟಾರಿಗೆ ಒಂದು ಕರೆಂಟ್ ಸೆನ್ಸರ್ ಹಾಕಿ, ಎಸ್‌ಪಿ ರಸ್ತೆಯಲ್ಲಿ ಸಿಗುವ ಮೈಕ್ರೊಕಂಟ್ರೋಲರ್ ಬೋರ್ಡ್ ಜೋಡಿಸಿದರೆ ಯಂತ್ರ ಯಾವಾಗ ಓಡಿತು, ಯಾವಾಗ ನಿಂತಿತು ಎಂಬ ದಾಖಲೆ ತಾನಾಗಿ ಬರುತ್ತದೆ. ಅದೇ ಓಇಇಗೆ ಮೊದಲ ಪಾಠ. ಬಹುಪಾಲು ಸಣ್ಣ ಕಾರ್ಖಾನೆಗಳಲ್ಲಿ ಇರುವುದೂ ಇಂಥ ಹಳೆಯ ಯಂತ್ರಗಳೇ, ಹಾಗಾಗಿ ಈ ಕೌಶಲಕ್ಕೆ ನೇರ ಬೇಡಿಕೆ ಇದೆ. ಫ್ರೀಕ್ಯಾಡ್, ಲಿನಕ್ಸ್‌ಸಿಎನ್‌ಸಿ, ಓಪನ್‌ಪಿಎಲ್‌ಸಿ, ನಮ್ಮ ದೇಶದಲ್ಲೇ ರೂಪುಗೊಂಡ ಇಆರ್‌ಪಿನೆಕ್ಸ್ಟ್ ಎಲ್ಲವೂ ಮುಕ್ತ ತಂತ್ರಾಂಶಗಳು. ದುಬಾರಿ ಸಲಕರಣೆ ನೋಡಬೇಕಾದಾಗ ಊರಿನಲ್ಲೇ ದಾರಿಗಳಿವೆ. ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಡಿ ಸಿಎಂಟಿಐ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಸ್ಮಾರ್ಟ್ ತಯಾರಿಕೆಯ ಕೇಂದ್ರಗಳು ಬಂದಿವೆ. ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್ಟೆಕ್ಸ್ ಯಂತ್ರೋಪಕರಣ ಮೇಳಕ್ಕೆ ವಿದ್ಯಾರ್ಥಿಗಳನ್ನು ಪ್ರವಾಸದಂತೆ ಕರೆದೊಯ್ಯುವ ಬದಲು, ತಮ್ಮ ಪಂಪ್ ಹೌಸಿಂಗ್‌ಗೆ ಸರಿಹೊಂದುವ ಯಂತ್ರವನ್ನು ಆರಿಸಿ ಕಾರಣ ಬರೆಯುವ ಕೆಲಸ ಕೊಟ್ಟು ಕಳುಹಿಸಬೇಕು.

ಹಣಕ್ಕಿಂತ ಕಠಿಣವಾದದ್ದು ಅಧ್ಯಾಪಕರ ವಿಷಯ. ಪ್ರಬಂಧ ಪ್ರಕಟಣೆಗೆ ಸಿಗುವ ಮನ್ನಣೆ ಕಾರ್ಖಾನೆಯಲ್ಲಿ ಕಳೆದ ಎರಡು ತಿಂಗಳಿಗೆ ಸಿಗದಿದ್ದರೆ ಯಾವ ಯುವ ಅಧ್ಯಾಪಕರೂ ಅಲ್ಲಿಗೆ ಹೋಗುವುದಿಲ್ಲ. ಬಡ್ತಿಯ ನಿಯಮದಲ್ಲಿ ಇದಕ್ಕೆ ಜಾಗ ಬೇಕು. ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯ ಮೂಲಕ ಉದ್ಯಮದ ಅನುಭವಿಗಳನ್ನು ಕರೆಯಬಹುದು. ಅಷ್ಟೇ ಮುಖ್ಯವಾಗಿ, ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್‌ಗಳಿಗೆ ಅಂಕ ಕೊಡುವ ಅಧಿಕಾರ ಸಿಗಬೇಕು. ಕಾಲೇಜಿನಲ್ಲಿ ಲೋಹವನ್ನು ಅತ್ಯಂತ ಚೆನ್ನಾಗಿ ಬಲ್ಲವರು ಅವರೇ ಆಗಿರುವಾಗ ಅವರನ್ನು ಹೊರಗಿಡುವುದು ಅನ್ಯಾಯ.

ಮೌಲ್ಯಮಾಪನ ಬದಲಾಗದೆ ಉಳಿದದ್ದು ಬದಲಾಗದು. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆದ ಮೇಲೆ ಪ್ರತಿ ಕೋರ್ಸ್‌ನ ಫಲಿತಾಂಶವನ್ನು ಕಾರ್ಯಕ್ರಮದ ಫಲಿತಾಂಶಕ್ಕೆ ಹೊಂದಿಸುವ ಕೋಷ್ಟಕಗಳು ಎಲ್ಲ ವಿಭಾಗಗಳಲ್ಲೂ ತಯಾರಾಗುತ್ತಿವೆ. ಕೋಷ್ಟಕದ ಹಿಂದಿನ ಆಶಯ ಒಳ್ಳೆಯದು. ಅದು ನಿಜವಾಗಬೇಕಾದರೆ ಪರೀಕ್ಷೆಯ ಪ್ರಶ್ನೆ ಬದಲಾಗಬೇಕು. ‘ಸಿಐಎಂನ ಪ್ರಯೋಜನಗಳನ್ನು ವಿವರಿಸಿ’ ಎಂದು ಕೇಳುವ ಬದಲು ಒಂದು ಡ್ರಾಯಿಂಗ್, ಒಂದು ರೂಟ್ ಕಾರ್ಡ್, ಒಂದು ಸಿಎನ್‌ಸಿ ಪ್ರೋಗ್ರಾಂ, ಒಂದು ತಪಾಸಣಾ ವರದಿ ಕೊಡಿ. ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಹೊಂದಾಣಿಕೆ ತಪ್ಪಿರಲಿ. ಅದನ್ನು ಹುಡುಕಿ, ಯಾರಿಗೆ ತಿಳಿಸಬೇಕು, ಯಾವ ದಾಖಲೆ ಮೊದಲು ಬದಲಾಗಬೇಕು ಎಂದು ಬರೆಯಲಿ. ವಿಟಿಯುನ ಈಗಿನ ಪದ್ಧತಿಯಲ್ಲಿ ಅರ್ಧದಷ್ಟು ಅಂಕ ಕಾಲೇಜಿನ ಆಂತರಿಕ ಮೌಲ್ಯಮಾಪನದ ಕೈಯಲ್ಲಿದೆ, ಆದ್ದರಿಂದ ಇದಕ್ಕೆ ಯಾರ ಅನುಮತಿಯನ್ನೂ ಕಾಯಬೇಕಾಗಿಲ್ಲ.

ಇನ್ನೊಂದು ಕೊಂಡಿಯನ್ನು ಪಠ್ಯಕ್ರಮಗಳು ಗಮನಿಸುವುದೇ ಇಲ್ಲ, ಅದು ಭಾಷೆಯದು. ಇಂಜಿನಿಯರ್ ಇಂಗ್ಲಿಷ್‌ನಲ್ಲಿ ಬರೆದ ಕಾರ್ಯಸೂಚನೆಯನ್ನು ಯಂತ್ರದ ಮುಂದೆ ನಿಂತು ಪಾಲಿಸುವವರು ಮಂಡ್ಯ, ರಾಯಚೂರು, ಹಾವೇರಿಗಳಿಂದ ಬಂದವರು. ಈಗ ಒಡಿಶಾ, ಬಿಹಾರಗಳಿಂದ ಬಂದವರೂ ಇದ್ದಾರೆ. ಟೂಲ್ ಬದಲಿಸುವ ಕ್ರಮವನ್ನು ಒಂದು ಪುಟದ ಸ್ಪಷ್ಟ ಕನ್ನಡದಲ್ಲಿ, ಚಿತ್ರಗಳೊಂದಿಗೆ ಬರೆಯುವುದು ಪ್ರತಿ ವಿದ್ಯಾರ್ಥಿಗೂ ಕಡ್ಡಾಯ ಅಭ್ಯಾಸವಾಗಬೇಕು. ಅದನ್ನು ಪರೀಕ್ಷಿಸುವವರು ಅಧ್ಯಾಪಕರಾಗಿರಬಾರದು. ಆ ಯಂತ್ರವನ್ನು ಹಿಂದೆ ಮುಟ್ಟಿರದ ಕಿರಿಯ ವಿದ್ಯಾರ್ಥಿ ಅದನ್ನು ಓದಿ ಟೂಲ್ ಬದಲಿಸಬೇಕು. ಬದಲಿಸಲು ಸಾಧ್ಯವಾದರೆ ಬರೆದವರಿಗೆ ಅಂಕ.

ಪಠ್ಯಕ್ರಮದ ಪರಿಷ್ಕರಣೆಯನ್ನೂ ಎರಡು ವೇಗಗಳಲ್ಲಿ ನಡೆಸುವುದು ಲೇಸು. ಅಳತೆ, ಲೋಹ, ನಿಯಂತ್ರಣ ಸಿದ್ಧಾಂತ, ಸಂಖ್ಯಾಶಾಸ್ತ್ರ, ಡೇಟಾಬೇಸ್‌ನ ತತ್ವಗಳು ದಶಕಗಳ ಕಾಲ ಬಾಳುವಂಥವು, ಅವನ್ನು ಪದೇ ಪದೇ ಕೆದಕಬಾರದು. ಸಾಫ್ಟ್‌ವೇರ್, ಕಂಟ್ರೋಲರ್, ಸಂವಹನದ ವಿಧಾನಗಳನ್ನು ಪಠ್ಯಕ್ರಮದ ಮುಖ್ಯ ಭಾಗದಲ್ಲಿ ಹೆಸರಿಸದೆ ಲ್ಯಾಬ್ ಕೈಪಿಡಿಯಲ್ಲಿ ಇಟ್ಟರೆ ಪ್ರತಿ ವರ್ಷ ಬದಲಿಸಬಹುದು. ಆರ್‌ವಿ, ಬಿಎಂಎಸ್, ರಾಮಯ್ಯದಂಥ ಸ್ವಾಯತ್ತ ಕಾಲೇಜುಗಳಿಗೆ ಇಡೀ ಚೌಕಟ್ಟನ್ನೇ ಹೊಸದಾಗಿ ಕಟ್ಟುವ ಅವಕಾಶವಿದೆ. ಉಳಿದ ಕಾಲೇಜುಗಳು ಮಿನಿ ಪ್ರಾಜೆಕ್ಟ್ ಮತ್ತು ಲ್ಯಾಬ್ ಅವಧಿಗಳಿಂದ ಆರಂಭಿಸಬಹುದು. ಇಬ್ಬರು ಅಧ್ಯಾಪಕರು, ಕ್ಯಾಡ್ ಲ್ಯಾಬ್‌ನವರೊಬ್ಬರು ಮತ್ತು ವರ್ಕ್‌ಶಾಪ್‌ನವರೊಬ್ಬರು, ಒಂದು ಗೇರ್ ಪಂಪನ್ನು ಕೊಂಡು ತಂದು ತಮ್ಮ ಎರಡು ತರಗತಿಗಳ ನಡುವೆ ಡ್ರಾಯಿಂಗ್ ಹಸ್ತಾಂತರಕ್ಕೆ ಒಂದು ದಿನಾಂಕ ಗೊತ್ತುಮಾಡಿಕೊಂಡರೆ, ಬರುವ ಸೆಮಿಸ್ಟರ್‌ನಲ್ಲೇ ಇದನ್ನು ಶುರುಮಾಡಬಹುದು.